ಗೂಳಿಗೆ ಭಾರ ಇರ್ಬೇಕು

ದೊಡ್ಡ ಸಿನಿಮಾದ ಎರಡನೇ ಭಾಗ ಬಂದಾಗಲೆಲ್ಲ ನಮ್ಮ ಆಫೀಸಿನ ಕಾಫಿ ಮೆಷೀನ್ ಮುಂದೆ ಒಂದೇ ಜಗಳ. 'ಗ್ರಾಫಿಕ್ಸ್ ಸೂಪರ್, ಕಥೆ ಡಬ್ಬಾ' ಅಂತ ಒಬ್ಬ. 'ಕಥೆ ಬೇಕಿದ್ರೆ ಕಾದಂಬರಿ ಓದು ಗುರೂ' ಅಂತ ಇನ್ನೊಬ್ಬ. ಕಥೆ ಬೇರೆ, ಗ್ರಾಫಿಕ್ಸ್ ಬೇರೆ ಅನ್ನೋದನ್ನ ಮಾತ್ರ ಇಬ್ಬರೂ ಒಪ್ಪಿಬಿಟ್ಟಿರ್ತಾರೆ. ನನ್ನ ತಕರಾರು ಇರೋದೇ ಅಲ್ಲಿ. 'ಬಾಹುಬಲಿ'ಯ ಎರಡು ಭಾಗಗಳಿಂದ ಒಂದೊಂದು ದೃಶ್ಯ ತಗೊಳ್ಳಿ. ಎರಡರಲ್ಲೂ ದನಗಳಿವೆ.

ದನದ ವಿಷಯದಲ್ಲಿ ನಮ್ಮ ಅಜ್ಜಂಪುರದವರ ಕಣ್ಣು ಸ್ವಲ್ಪ ಚುರುಕು. ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಊರು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಫಿರಂಗಿ ಎಳೆದ ತಳಿ ಅದು. ಉದ್ದ ಕೊಂಬು, ಚೂಪು ತುದಿ, ಮೈಯೆಲ್ಲ ಕಸುವು. ಊರಿಗೆ ಹೋದಾಗ ಚಿಕ್ಕಪ್ಪನ ಜೊತೆ ಟಿವಿಯಲ್ಲಿ ಮೊದಲ ಭಾಗ ನೋಡ್ತಿದ್ದೆ, 2015ರದ್ದು. ಭಲ್ಲಾಳದೇವ ದೈತ್ಯ ಗೂಳಿಯನ್ನು ಬರಿಗೈಯಲ್ಲಿ ಮಣಿಸ್ತಾನೆ. ಚಿಕ್ಕಪ್ಪ ಮೂಗು ಮುರಿದ್ರು: "ಇದಕ್ಕೆ ಭಾರನೇ ಇಲ್ಲ ಕಣೋ. ಗೂಳಿ ನುಗ್ಗಿದ್ರೆ ನೆಲ ಅದುರ್ಬೇಕು."

ಇನ್ನೊಂದು ಸಲ ಎರಡನೇ ಭಾಗ ಬಂತು, 2017ರದ್ದು. ದೇವಸೇನೆಯ ಊರಿನ ಮೇಲೆ ರಾತ್ರಿ ದಾಳಿ ಆಗುತ್ತೆ. ಕೊಂಬಿಗೆ ಬೆಂಕಿ ಹಚ್ಚಿದ ದನಗಳು ಶತ್ರುಗಳ ಮೇಲೆ ನುಗ್ಗುತ್ವೆ. ಅವೂ ಗ್ರಾಫಿಕ್ಸೇ. ಆದ್ರೆ ಚಿಕ್ಕಪ್ಪ ಭಾರದ ಮಾತೇ ಎತ್ತಲಿಲ್ಲ. ಜಾಹೀರಾತು ಬಂದಾಗ ಮೆಲ್ಲಗೆ ಕೇಳಿದ್ರು: "ಪಾಪ, ಆ ದನಗಳಿಗೆ ಏನೂ ಆಗ್ಲಿಲ್ವಾ?"

ಎರಡೇ ವರ್ಷದಲ್ಲಿ ಕಂಪ್ಯೂಟರ್ ಅಷ್ಟೊಂದು ಬದಲಾಗಿತ್ತಾ? ನನಗೆ ಹಾಗನ್ಸಲ್ಲ. ಮೊದಲ ಗೂಳಿ ಒಬ್ಬನ ತೋಳ್ಬಲ ತೋರಿಸೋಕೆ ಬಂದ ಡಂಬಲ್ ಅಷ್ಟೇ. ಎರಡನೆಯದರಲ್ಲಿ ಒಂದು ಊರು ಉಳಿಯಬೇಕು, ಪೆದ್ದನ ಹಾಗೆ ನಟಿಸ್ತಿದ್ದವನ ನಿಜರೂಪ ಹೊರಬೀಳಬೇಕು, ಹೇಡಿ ಕುಮಾರವರ್ಮ ಕತ್ತಿ ಹಿಡೀಬೇಕು. ಭಾರ ಕೊಟ್ಟಿದ್ದು ಕಥೆ. ಅದೇ ಸಿನಿಮಾದ ಕೊನೆಗೆ ತಾಳೆಮರ ಬಗ್ಗಿಸಿ ಸೈನಿಕರನ್ನು ಕೋಟೆಯೊಳಗೆ ಚಿಮ್ಮಿಸ್ತಾರಲ್ಲ, ಅಲ್ಲಿ ನಕ್ಕೆ. ಆದ್ರೂ ಎದ್ದು ಹೋಗಲಿಲ್ಲ. ಅಷ್ಟು ಹೊತ್ತಿಗೆ ಅವರೆಲ್ಲ ನಮ್ಮವರಾಗಿದ್ರು.

ಹಾಲಿವುಡ್ಡಿಗೂ ಇದೇ ಲೆಕ್ಕ. 2009ರ 'ಅವತಾರ್'ಗೆ ಎರಡನೇ ಭಾಗ ಬಂದಿದ್ದು 13 ವರ್ಷ ಆದ್ಮೇಲೆ. ನಟರನ್ನು ನಿಜವಾಗಿ ನೀರಿನ ಟ್ಯಾಂಕಿಗೆ ಇಳಿಸಿ ಅವರ ಚಲನೆ ದಾಖಲಿಸಿದ್ರು. ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಕಥೆ ಮಾತ್ರ ಹಳೇ ವಿಲನ್, ಹಳೇ ಬೇಟೆ. ಇವತ್ತು ನೆನಪಲ್ಲಿ ಉಳಿದಿರೋದು ಹೊಳೆಯುವ ಸಮುದ್ರ ಅಲ್ಲ, ಮರಿ ಜೊತೆಗಿದ್ದ ತಾಯಿ ತುಲ್ಕುನ್‌ನ ಬೇಟೆ. ಇಲ್ಲದ ಪ್ರಾಣಿಗೆ ಗಂಟಲು ಕಟ್ಟಿತ್ತು.

ನಮ್ಮ 'ಕಾಂತಾರ' ನೋಡಿ. 2022ರ ಸಿನಿಮಾದ ಕೊನೆಯ ದೃಶ್ಯವನ್ನು ಹೊತ್ತಿದ್ದು ಮುಖ್ಯವಾಗಿ ಒಂದು ದೇಹ, ಬಣ್ಣ, ಒಂದು ಕೂಗು. 2025ರ 'ಚಾಪ್ಟರ್ 1' ಕದಂಬರ ಕಾಲಕ್ಕೆ ಹೋಯ್ತು. ಅರಮನೆ, ರಥ, ಯುದ್ಧ ಎಲ್ಲ ಬಂತು. ಹಿಗ್ಗಿ ನೋಡಿದೆ. ಆದ್ರೂ ಒಳಗೊಂದು ಅಳುಕು: ಮುಂದಿನ ಭಾಗಗಳಲ್ಲಿ ಕಾಡು ಇನ್ನೂ ದೊಡ್ಡದಾಗಿ, ಕಾಡಿನವರು ಚಿಕ್ಕವರಾಗಿಬಿಟ್ರೆ? ಈ ನೆಲ ಯಾರದು ಅನ್ನೋ ಪ್ರಶ್ನೆಯಿಂದಲೇ ಅಲ್ವಾ ಆ ಕೂಗಿಗೆ ಮೈ ಜುಮ್ಮೆಂದಿದ್ದು?

ಹಾಗಾಗಿ ಟ್ರೇಲರ್ ನೋಡಿ 'ಕ್ವಾಲಿಟಿ ನೋಡು ಮಗಾ' ಅಂತ ಯಾರಾದ್ರೂ ಲಿಂಕ್ ಕಳಿಸಿದ್ರೆ ನಾನೀಗ ಒಂದೇ ಪ್ರಶ್ನೆ ಕೇಳೋದು: ಇದರಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ ನಮಗೆ ಪಾಪ ಅನ್ಸುತ್ತಾ?