ಕಾಣದ ಧೂಳಿಗೆ ಒಂದು ದಾರಿ

ಸಯನ್‌ನಲ್ಲಿ ನಮ್ಮದು ನೆಲಮಹಡಿಯ ಮನೆ. ಅಡುಗೆಮನೆಯ ಹಿಂದೆ ಆರಡಿ ಅಗಲದ ಓಣಿ, ಅದರಾಚೆ ಪಕ್ಕದ ಕಟ್ಟಡದ ಕಾಕೂ ಅವರ ಕಿಟಕಿ. ಬೇಸಿಗೆಯಲ್ಲಿ ಅವರು ಆ ಕಿಟಕಿಯ ಕಂಬಿಗಳ ಮೇಲೆ ಉದ್ದಿನ ಹಪ್ಪಳ ಒಣಗಿಸುತ್ತಾರೆ. ಈಚೆ ಬದಿಯಲ್ಲಿ ನಾನು ಹಳೇ ಸ್ಕೂಟರುಗಳ ಬಿಡಿಭಾಗಗಳಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುತ್ತೇನೆ. ಒತ್ತಡದ ಗಾಳಿಯೊಂದಿಗೆ ಸಣ್ಣ ಹರಳುಗಳನ್ನು ಚಿಮ್ಮಿಸಿ ತುಕ್ಕು, ಮಸಿ ಎಬ್ಬಿಸುವ ಕೆಲಸ ಅದು. ಮೂರಡಿ ಉದ್ದದ ತಗಡಿನ ಪೆಟ್ಟಿಗೆ, ಮುಂದೆ ಗಾಜು, ಕೈ ತೂರಿಸಲು ಎರಡು ರಬ್ಬರ್ ಗ್ಲೌಸು. ಕಾರ್ಬುರೇಟರ್ ಒಳಗೆ ಹೋಗುವಾಗ ಕರಕಲು ಪಾತ್ರೆಯಂತಿರುತ್ತದೆ, ಹೊರಬರುವಾಗ ಬೆಳ್ಳಿಯಂತೆ. ಈ ಹುಚ್ಚು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಆದರೆ ನಮ್ಮ ಮನೆತನದಲ್ಲಿ ಧೂಳು ಹಗುರವಾಗಿ ಆಡುವ ಮಾತಲ್ಲ. ನನ್ನ ತಾತ ಕೋಲಾರದ ಚಿನ್ನದ ಗಣಿಯವರು. ಅಲ್ಲಿ ಚಿನ್ನ ಅಡಗಿದ್ದುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದರೆ, ಸಿಡಿಸಿದರೆ ಏಳುವುದು ಸಿಲಿಕಾ ಧೂಳು. 1940ರಿಂದ 1946ರವರೆಗೆ ಅಲ್ಲಿನ ಏಳು ಸಾವಿರದ ಆರುನೂರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಗಣಿ 2001ರಲ್ಲಿ ಮುಚ್ಚಿತು. ತಾತ ಅದಕ್ಕೂ ಬಹಳ ಮೊದಲೇ ಹೋಗಿದ್ದರು. ಹತ್ತು ಮೆಟ್ಟಿಲು ಹತ್ತಿ, ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದ ಅವರ ಉಸಿರಿನ ಸದ್ದು ನನಗಿನ್ನೂ ನೆನಪಿದೆ. ಒಮ್ಮೆ ಗಟ್ಟಿ ಕಲೆ ಕಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇವತ್ತಿಗೂ ಇಲ್ಲ.

ಹಾಗಾಗಿ ಪೆಟ್ಟಿಗೆ ಮನೆಗೆ ಬಂದ ದಿನವೇ ಮೊದಲ ನಿಯಮ ಗಟ್ಟಿಯಾಯಿತು: ಹೆಸರಿನಲ್ಲಿ ಸ್ಯಾಂಡ್ ಇದ್ದರೂ ಒಳಗೆ ಮರಳು ಹಾಕಕೂಡದು. ಬ್ರಿಟನ್ ಎರಕದ ಸಾಮಾನುಗಳಿಗೆ ಮರಳು ಹೊಡೆಯುವುದನ್ನು 1949ರ ನಿಯಮದಲ್ಲೇ ತಡೆಯಿತು. ಜೀನ್ಸ್ ಬಟ್ಟೆಗೆ ಮರಳು ಹೊಡೆದು ಹಳತಿನ ಕಳೆ ತರುತ್ತಿದ್ದ ಹುಡುಗರು ಸಿಲಿಕೋಸಿಸ್‌ನಿಂದ ಸತ್ತ ಮೇಲೆ ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ನಾನು ತುಕ್ಕಿಗೆ ಗಾರ್ನೆಟ್, ಅಲ್ಯೂಮಿನಿಯಂಗೆ ಗಾಜಿನ ಮಣಿ ಬಳಸುತ್ತೇನೆ. ಹಳೇ ಬಣ್ಣದಲ್ಲಿ ಸೀಸವಿರಬಹುದು. ಅಂಥ ಭಾಗ ಈ ಪೆಟ್ಟಿಗೆಗೆ ಬರುವುದೇ ಇಲ್ಲ.

ಮರಳಿಲ್ಲವೆಂದ ಮಾತ್ರಕ್ಕೆ ಧೂಳಿಲ್ಲ ಎಂದಲ್ಲ. ಕಣ್ಣಿಗೆ ಕಾಣುವ ಧೂಳು ಅಷ್ಟೇನೂ ಕೆಟ್ಟದ್ದಲ್ಲ. ಅದು ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಸೀನಿದರೆ ಹೋಗುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಆಳಕ್ಕಿಳಿಯುವ ಕಣ 5 ಮೈಕ್ರಾನಿಗೂ ಚಿಕ್ಕದು. ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ.

ಧೂಳು ಸೋರುತ್ತಿದೆಯೆಂದರೆ ಎಲ್ಲರೂ ಮೊದಲು ಮಾಡುವುದು ಸಂದು ಮುಚ್ಚುವ ಕೆಲಸ. ಬಾಗಿಲಿನ ಸುತ್ತ ಫೋಮ್ ಪಟ್ಟಿ, ಜೋಡಣೆಗಳಿಗೆ ಸಿಲಿಕೋನ್, ಗ್ಲೌಸಿನ ಬುಡಕ್ಕೆ ಕ್ಲಾಂಪು. ಬೇಕಾದದ್ದೇ. ಆದರೆ ಗನ್ ಪ್ರತಿ ನಿಮಿಷ ಹಲವು ಘನ ಅಡಿ ಗಾಳಿಯನ್ನು ಒಳಗೆ ತುಂಬುತ್ತಲೇ ಇರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಪೆಟ್ಟಿಗೆ ಬಲೂನಿನಂತೆ ಬಿಗಿದು, ಉಳಿದ ಒಂದೇ ಸೂಜಿರಂಧ್ರದಿಂದಲೂ ಧೂಳನ್ನು ಉಗುಳುತ್ತದೆ. ಆದ್ದರಿಂದ ಗನ್ ತುಂಬುವುದಕ್ಕಿಂತ ಹೆಚ್ಚು ಗಾಳಿಯನ್ನು ನಾವು ಎಳೆಯಬೇಕು. ಆಗ ಸಂದಿದ್ದರೂ ಅದು ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಹೊರತು ಒಳಗಿನದನ್ನು ಹೊರಗೆ ಬಿಡುವುದಿಲ್ಲ.

ಪೆಟ್ಟಿಗೆಯ ಒಂದು ಬದಿಗೆ ವ್ಯಾಕ್ಯೂಮ್ ಕ್ಲೀನರಿನ ಪೈಪು ಜೋಡಿಸಿ, ಎದುರು ಬದಿಯಲ್ಲಿ ಗಾಳಿ ಬರಲು ಬೇಕೆಂದೇ ಒಂದು ತೂತು ಕೊರೆದೆ. ಹರಳು ಸಿಡಿದು ಹೊರಬೀಳದಂತೆ, ಒಳ್ಳೆಯ ಹರಳು ಪೈಪಿಗೆ ಹೋಗದಂತೆ ಎರಡಕ್ಕೂ ಒಳಗಿನಿಂದ ತಗಡಿನ ಮರೆ ಕೊಟ್ಟೆ. ಪೆಟ್ಟಿಗೆಗೂ ವ್ಯಾಕ್ಯೂಮಿಗೂ ನಡುವೆ ಒಂದು ಸೈಕ್ಲೋನ್ ಡಬ್ಬ. ಗಾಳಿ ಅದರಲ್ಲಿ ಸುಳಿಯಂತೆ ತಿರುಗುವಾಗ ಭಾರದ ಧೂಳು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ನುಣ್ಣನೆಯದನ್ನು ಕೊನೆಯಲ್ಲಿರುವ ಹೆಪಾ ಫಿಲ್ಟರ್ ಹಿಡಿಯುತ್ತದೆ. ಆ ಫಿಲ್ಟರ್ ಇಲ್ಲದಿದ್ದರೆ ನನ್ನ ಧೂಳು ನೇರ ಕಾಕೂ ಅವರ ಹಪ್ಪಳಕ್ಕೆ. ಪ್ಲಾಸ್ಟಿಕ್ ಪೈಪಿನಲ್ಲಿ ಧೂಳು ಓಡುವಾಗ ಸ್ಥಾಯೀ ವಿದ್ಯುತ್ ಹುಟ್ಟಿ ಚುರುಕ್ಕೆನ್ನುತ್ತದೆ. ಅದಕ್ಕೆ ಪೈಪಿಗೆ ತಾಮ್ರದ ತಂತಿ ಸುತ್ತಿ ಅರ್ಥಿಂಗ್ ಕೊಡಬೇಕು.

ಮುಂಬೈಯಲ್ಲಿ ಇನ್ನೊಂದು ಪೀಡೆ ಮಳೆಗಾಲ. ಜುಲೈನ ಗಾಳಿಯನ್ನು ಒತ್ತಿದರೆ ನೀರೇ ಬರುತ್ತದೆ. ಗಾರ್ನೆಟ್ ಒದ್ದೆ ಉಪ್ಪಿನಂತೆ ಗಂಟುಕಟ್ಟಿ ಗನ್ ಕಟ್ಟಿಕೊಳ್ಳುತ್ತದೆ. ಕಂಪ್ರೆಸರಿನಿಂದ ಬರುವ ಬಿಸಿಗಾಳಿಯನ್ನು ಇಳಿಜಾರಾಗಿ ಹೊಡೆದ ಉದ್ದನೆಯ ತಾಮ್ರದ ಕೊಳವೆಯಲ್ಲಿ ತಣಿಸಿ, ಆಮೇಲೆ ನೀರು ಹಿಡಿಯುವ ಟ್ರ್ಯಾಪಿಗೆ ಬಿಟ್ಟರೆ ಮುಕ್ಕಾಲು ತೊಂದರೆ ಕಳೆಯಿತು.

ಕಾಕೂ ಒಂದು ದಿನ ಕಿಟಕಿಯಿಂದಲೇ ಕೇಳಿದರು, "ಏನೋ ಮಗಾ, ಆ ಪೆಟ್ಟಿಗೆ ಧೂಳು ಬಿಡಲ್ಲ ಅಂತ ನಿನಗೆ ಹೇಗೆ ಗೊತ್ತು?" ಗಟ್ಟಿ ಪ್ರಶ್ನೆ. ಕಾಣದ ಧೂಳಿಗೆ ಕಣ್ಣಿನ ಸಾಕ್ಷಿ ನಡೆಯುವುದಿಲ್ಲ. ಊದುಬತ್ತಿ ಹಚ್ಚಿ ಬಾಗಿಲಿನ ಅಂಚು, ಗ್ಲೌಸಿನ ಬುಡ, ಗಾಜಿನ ಚೌಕಟ್ಟಿನ ಗುಂಟ ಮೆಲ್ಲಗೆ ಸರಿಸಿ ತೋರಿಸಿದೆ. ಗನ್ ಓಡುತ್ತಿದ್ದಾಗಲೂ ಹೊಗೆ ಎಲ್ಲ ಕಡೆಯೂ ಒಳಕ್ಕೇ ಬಾಗುತ್ತಿತ್ತು. ಈಗ ತಿಂಗಳಿಗೊಮ್ಮೆ ಈ ಪರೀಕ್ಷೆ ತಪ್ಪದು. ಫಿಲ್ಟರ್ ಕಟ್ಟಿಕೊಂಡ ಸುದ್ದಿಯನ್ನು ಮೊದಲು ಹೇಳುವುದೂ ಆ ಹೊಗೆಯೇ.

ಕೆಲಸ ಮುಗಿದೊಡನೆ ಬಾಗಿಲು ತೆರೆಯುವಂತಿಲ್ಲ. ಗನ್ ನಿಲ್ಲಿಸಿ, ವ್ಯಾಕ್ಯೂಮ್ ಓಡಲು ಬಿಟ್ಟು ಎರಡು ನಿಮಿಷ ಕಾಯಬೇಕು. ಬಟ್ಟೆಯ ಧೂಳನ್ನು ಗಾಳಿ ಹೊಡೆದು ಝಾಡಿಸಬಾರದು, ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಕೆಟ್ ಖಾಲಿ ಮಾಡುವಾಗ ಮೂಗು ಬಾಯಿಗೆ ಸರಿಯಾಗಿ ಕೂರುವ ರೆಸ್ಪಿರೇಟರ್ ಇರಲೇಬೇಕು. ಕರವಸ್ತ್ರದಿಂದ ಏನೂ ಆಗದು.

1948ರ ಕಾರ್ಖಾನೆ ಕಾಯ್ದೆಯಲ್ಲೇ ಸಿಲಿಕೋಸಿಸ್ ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ಕಾಯಿಲೆಯಾಗಿತ್ತು. ಆದರೆ ಮನೆಯ ಮೂಲೆಗಾಗಲೀ ಇಬ್ಬರು ಮೂವರು ದುಡಿಯುವ ಗಾಳಕ್ಕಾಗಲೀ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಧಾರಾವಿ ಕಡೆಯ ಒಂದು ಗಾಳದಲ್ಲಿ ಗಾಜಿನ ಮೇಲೆ ಹೂಬಳ್ಳಿ ಕೊರೆಯುವ ಹುಡುಗನೊಬ್ಬ ಗನ್ನಿನ ನಾಜಲ್ ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದ. ಕಲಬುರಗಿ ಕಡೆಯವನು, ಇಪ್ಪತ್ತು ದಾಟಿರಲಿಕ್ಕಿಲ್ಲ. ಹುಬ್ಬಿನ ಮೇಲೆ ಬಿಳೀ ಪುಡಿ, ಕೊರಳಲ್ಲಿ ಕರವಸ್ತ್ರ. "ಅಣ್ಣಾ, ನಮ್ಮ ಪೆಟ್ಟಿಗೀನೂ ಬಂದ್ ಐತಿ, ಏನೂ ಆಗಂಗಿಲ್ಲ" ಅಂದ. ನಾನು ತಾತನ ಕಥೆ ಹೇಳಲಿಲ್ಲ. ಊದುಬತ್ತಿ ಹಚ್ಚಿ ಹೊಗೆ ಒಳಕ್ಕೆ ಬಾಗುವುದನ್ನು ತೋರಿಸಿದೆ. ಅವನು ಮೂರು ಸಲ ತಾನೇ ಹಿಡಿದು ನೋಡಿದ. ಹೋಗುವಾಗ ನಾಜಲ್ ಜೊತೆ ಒಂದು ರೆಸ್ಪಿರೇಟರನ್ನೂ ಕಟ್ಟಿಕೊಟ್ಟೆ. ಮೇಜಿನ ಮೇಲಿದ್ದ ಊದುಬತ್ತಿ ಪೊಟ್ಟಣವನ್ನು ಅವನೇ ಕೇಳಿ ತೆಗೆದುಕೊಂಡ.