ಕಾರಿಗೆ ಕಾವು ಕೊಡುವ ಊರು

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಪಟ್ಟಣಕ್ಕೆ ಬೇಸಗೆಯಲ್ಲಿ ಬಂದಿಳಿದ ಪ್ರವಾಸಿಯ ಕಣ್ಣಿಗೆ ಬೀಳುವ ವಿಚಿತ್ರವೊಂದುಂಟು. ಅಲ್ಲಿನ ಕಾರುಗಳಿಗೆ ಬಾಲ ಮುಂದುಗಡೆ! ಮುಂಭಾಗದ ಜಾಲರಿಯ ಸಂದಿನಿಂದ ಗೇಣುದ್ದದ ಕರಿಯ ತಂತಿಯೊಂದು ಹೊರಕ್ಕೆ ಜೋತುಬಿದ್ದಿರುತ್ತದೆ. ಅದರ ತುದಿಗೆ ಮನೆಯ ಇಸ್ತ್ರಿಪೆಟ್ಟಿಗೆಗೆ ಇರುವಂಥ ಮೂರು ಕಡ್ಡಿಯ ಪ್ಲಗ್ಗು. ಶಾಲೆಯ ಅಂಗಳ, ಆಸ್ಪತ್ರೆಯ ಆವರಣ, ಕಚೇರಿಗಳ ವಾಹನ ನಿಲ್ದಾಣ, ಎಲ್ಲಿ ನೋಡಿದರೂ ಗಿಡ್ಡ ಕಂಬಗಳು, ಇಲ್ಲವೆ ಉದ್ದನೆಯ ಅಡ್ಡಗಂಬಿಗಳು. ಅವುಗಳಲ್ಲಿ ಸಾಲುಸಾಲಾಗಿ ವಿದ್ಯುತ್ತಿನ ಸಾಕೆಟ್ಟುಗಳು. ಇವೆಲ್ಲ ಪೆಟ್ರೋಲಿನ ಹಂಗಿಲ್ಲದ ವಿದ್ಯುತ್ ಕಾರುಗಳೇ ಇರಬೇಕೆಂದು ಹೊಸಬ ತೀರ್ಮಾನಿಸಿಬಿಡುತ್ತಾನೆ. ಆದರೆ ಅವುಗಳಲ್ಲಿ ಬಹುಪಾಲು ಪೆಟ್ರೋಲ್ ಕುಡಿಯುವ ಸಾಮಾನ್ಯ ಕಾರುಗಳೇ. ಕುದುರೆಯನ್ನು ಗೂಟಕ್ಕೆ ಕಟ್ಟುವುದು ಅದು ಓಡಿಹೋಗದಿರಲೆಂದು. ಫೇರ್‌ಬ್ಯಾಂಕ್ಸಿನಲ್ಲಿ ಕಾರನ್ನು ಕಂಬಕ್ಕೆ ಕಟ್ಟುವುದು ಅದು ಬೆಳಗ್ಗೆ ಓಡಲೆಂದು.

ಈ ಕಟ್ಟುಪಾಡಿನ ಅರ್ಥ ತಿಳಿಯಬೇಕಾದರೆ ಚಳಿಗಾಲದವರೆಗೆ ಕಾಯಬೇಕು.

ಉತ್ತರ ಅಮೆರಿಕದ ವಾಯವ್ಯ ಮೂಲೆಯಲ್ಲಿ ಚಾಚಿಕೊಂಡಿರುವ ಅಲಾಸ್ಕಾದ ಒಳನಾಡಿನಲ್ಲಿ, ಚೀನಾ ಎಂಬ ಪುಟ್ಟ ನದಿಯ ದಡದಲ್ಲಿ ಈ ಪಟ್ಟಣವಿದೆ. ಹೆಸರು ಕೇಳಿ ಏಷ್ಯದ ದೇಶವನ್ನು ನೆನೆಯಬೇಕಾಗಿಲ್ಲ. ಇದು ಮುಂದೆ ಹೋಗಿ ಟನಾನಾ ಮಹಾನದಿಯನ್ನು ಸೇರುವ ಹೊಳೆ. ಉತ್ತರ ಧ್ರುವವೃತ್ತ ಇಲ್ಲಿಂದ ಇನ್ನೂರು ಕಿಲೋಮೀಟರಿನೊಳಗೇ ಇದೆ. ೧೯೦೧ರಲ್ಲಿ ಬಾರ್ನೆಟ್ ಎಂಬ ವ್ಯಾಪಾರಿ ದೋಣಿ ಮುಂದೆ ಸಾಗಲಾರದೆ ಈ ದಡದಲ್ಲಿ ಸರಕು ಇಳಿಸಿಕೊಂಡ; ಮರುವರ್ಷ ಫೆಲಿಕ್ಸ್ ಪೆಡ್ರೊ ಎಂಬಾತನಿಗೆ ಸಮೀಪದ ಬೆಟ್ಟಗಳಲ್ಲಿ ಚಿನ್ನ ಸಿಕ್ಕಿತು; ಊರು ಬೆಳೆಯಿತು. ಇಂದು ಪಟ್ಟಣದ ಎಲ್ಲೆಯೊಳಗಿನ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು.

ಊರಿನ ಮೂರು ಕಡೆಗೂ ಗುಡ್ಡಗಳು. ಗಾಳಿಗೆ ಅಡ್ಡವಾಗಿ ನಿಂತ ಆ ಗುಡ್ಡಗಳ ನಡುವೆ ಚಳಿ ಬೋಗುಣಿಯಲ್ಲಿ ಮೊಸರು ಹೆಪ್ಪುಗಟ್ಟಿದಂತೆ ಕುಳಿತುಬಿಡುತ್ತದೆ. ಭಾರವಾದ ತಣ್ಣನೆಯ ಗಾಳಿ ತಳದಲ್ಲಿ, ಹಗುರವಾದ ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ. ಎತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚಬೇಕೆಂಬುದು ಲೋಕಾನುಭವ. ಇಲ್ಲಿ ಗುಡ್ಡದ ಮೇಲಿನ ಮನೆಯವರು ತಗ್ಗಿನಲ್ಲಿರುವ ನೆಂಟರನ್ನು ಕಂಡು ಕನಿಕರಪಡುತ್ತಾರೆ. ಡಿಸೆಂಬರಿನ ಅತಿ ಕಿರಿಯ ದಿನದಂದು ಸೂರ್ಯ ಹನ್ನೊಂದರ ಸುಮಾರಿಗೆ ದಕ್ಷಿಣದಂಚಿನಲ್ಲಿ ಮುಖ ತೋರಿಸಿ, ಮೂರು ಗಂಟೆ ನಲವತ್ತು ನಿಮಿಷಗಳಲ್ಲಿ ಮರೆಯಾಗುತ್ತಾನೆ. ಜನವರಿಯಲ್ಲಿ ಶೂನ್ಯದ ಕೆಳಗೆ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಎಂದರೆ ಸಾಧಾರಣ ದಿನ. ನಲವತ್ತಕ್ಕೆ ಇಳಿಯುವುದೂ ಅಪರೂಪವಲ್ಲ. ೧೯೩೪ರ ಜನವರಿಯಲ್ಲಿ ಶೂನ್ಯದ ಕೆಳಗೆ ೫೪ ಡಿಗ್ರಿ ಮುಟ್ಟಿದ್ದು ಊರಿನ ದಾಖಲೆ. ಶೂನ್ಯದ ಕೆಳಗೆ ನಲವತ್ತರಲ್ಲಿ ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಅಳತೆಗಳೆರಡೂ ಒಂದೇ ಅಂಕಿಯಲ್ಲಿ ಸಂಧಿಸುತ್ತವೆ. ಅಷ್ಟು ಚಳಿ ಬಿದ್ದ ದಿನ ವಿಶ್ವವಿದ್ಯಾಲಯದ ಮುಂದಿನ ಉಷ್ಣಮಾನ ಫಲಕದ ಬಳಿ ತರುಣರು ಈಜುಡುಗೆಯಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಓಡಿಹೋಗುವುದೂ ಉಂಟು. ಮನುಷ್ಯನಿಗೆ ಓಡಿಹೋಗಲು ಮನೆಯಿದೆ, ಕಾರಿಗೆ?

ಬಯಲಲ್ಲಿ ನಿಂತ ಕಾರಿನ ಮೇಲೆ ಚಳಿ ಏಕಕಾಲದಲ್ಲಿ ಹಲವು ಕಡೆಗಳಿಂದ ದಾಳಿ ಮಾಡುತ್ತದೆ. ಎಂಜಿನ್ನಿನ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗಿ, ಒಳಗಿನ ಭಾಗಗಳನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ತಿರುಗಿಸಬೇಕಾದ ಬ್ಯಾಟರಿಯಾದರೂ ತನ್ನ ಬಲ ಕಳೆದುಕೊಂಡಿರುತ್ತದೆ. ಶೂನ್ಯದ ಕೆಳಗೆ ಹದಿನೆಂಟು ಡಿಗ್ರಿಯಲ್ಲೇ ಅದರ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಹೊರೆ ಇಮ್ಮಡಿಯಾದ ಹೊತ್ತಿಗೇ ಎತ್ತಿನ ಕಸುವು ಅರ್ಧವಾದಂತೆ. ಇನ್ನು ಪೆಟ್ರೋಲ್ ಹೊತ್ತಿಕೊಳ್ಳಬೇಕಾದರೆ ಮೊದಲು ಆವಿಯಾಗಬೇಕು. ಆ ಶೀತದಲ್ಲಿ ಅದೂ ಹಿಂಜರಿಯುತ್ತದೆ. ಹಟದಿಂದ ಹೊರಡಿಸಿದರೂ, ಎಣ್ಣೆ ಎಲ್ಲೆಡೆ ಹರಿಯುವ ಮುನ್ನ ಲೋಹ ಲೋಹವನ್ನು ಉಜ್ಜಿ ಸವೆಸುತ್ತದೆ. ರಬ್ಬರಿನ ಚಕ್ರಗಳು ಕೂಡ ನಿಂತ ನೆಲದ ಕಡೆಗೆ ಚಪ್ಪಟೆಯಾಗಿ ಬಿಗಿದು, ಹೊರಟ ಮೇಲೆ ಒಂದೆರಡು ಮೈಲಿಯವರೆಗೆ ಚೌಕದ ಗಾಲಿಯಂತೆ ದಡಬಡ ಸದ್ದು ಮಾಡುತ್ತವೆ.

ಈ ಚಳಿಯೊಡನೆ ಮೊದಲು ಸೆಣಸಿದವರಲ್ಲಿ ವಿಮಾನ ನಡೆಸುವವರು ಮುಖ್ಯರು. ಉತ್ತರ ಡಕೋಟಾದ ಹ್ಯಾಟನ್ ಎಂಬ ಹಳ್ಳಿಯ ಕಾರ್ಲ್ ಬೆನ್ ಐಲ್ಸನ್ ೧೯೨೨ರಲ್ಲಿ ಫೇರ್‌ಬ್ಯಾಂಕ್ಸಿಗೆ ಶಾಲಾ ಉಪಾಧ್ಯಾಯನಾಗಿ ಬಂದು, ಪಾಠಕ್ಕಿಂತ ಹಾರಾಟದಲ್ಲೇ ಹೆಸರಾದವನು. ೧೯೨೪ರ ಫೆಬ್ರವರಿಯಲ್ಲಿ ಆತ ಅಂಚೆಚೀಲಗಳನ್ನು ಹೊತ್ತು ಇಲ್ಲಿಂದ ಮೆಗ್ರಾತ್‌ವರೆಗೆ ಹಾರಿದ. ನಾಯಿಗಳೆಳೆಯುವ ಜಾರುಗಾಡಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಮೂರು ಗಂಟೆಗಳೊಳಗೆ ಮುಗಿಯಿತು. ಆದರೆ ಆ ಕಾಲದ ವೈಮಾನಿಕರ ಸಾಹಸ ಆಕಾಶದಲ್ಲಿದ್ದಷ್ಟೇ ನೆಲದ ಮೇಲೂ ಇತ್ತು. ಸಂಜೆ ಇಳಿದೊಡನೆ ಎಂಜಿನ್ನಿನ ಎಣ್ಣೆಯನ್ನು ಬಿಸಿಯಿರುವಾಗಲೇ ಡಬ್ಬಿಗೆ ಬಸಿದುಕೊಂಡು, ಗುಡಿಸಲಿನೊಳಗೆ ಒಲೆಯ ಪಕ್ಕದಲ್ಲಿ ಇರಿಸಬೇಕು. ಬೆಳಗ್ಗೆ ವಿಮಾನದ ಮೂತಿಗೆ ಡೇರೆಬಟ್ಟೆಯ ಮುಸುಕು ಹಾಕಿ, ಅದರೊಳಗೆ ಉರಿಯುವ ಸ್ಟೌ ಇಟ್ಟು, ಲೋಹ ಬಿಸಿಯಾಗುವವರೆಗೆ ಪಕ್ಕದಲ್ಲೇ ಕುಳಿತು ಕಾಯಬೇಕು. ಮೇಲೆ ಪೆಟ್ರೋಲ್, ಕೆಳಗೆ ಬೆಂಕಿ, ನಡುವೆ ಬಟ್ಟೆ. ಕಣ್ಣು ಮುಚ್ಚಿದರೆ ವಿಮಾನವೇ ಭಸ್ಮ. ಆಮೇಲೆ ಬಿಸಿ ಎಣ್ಣೆಯನ್ನು ಸುರಿದು, ಅದು ಆರುವ ಮೊದಲೇ ಎಂಜಿನ್ನನ್ನು ಹೊರಡಿಸಬೇಕು. ಐಲ್ಸನ್ ೧೯೨೯ರಲ್ಲಿ, ಸೈಬೀರಿಯದ ಕರಾವಳಿಯಲ್ಲಿ ಮಂಜುಗಡ್ಡೆಗೆ ಸಿಕ್ಕಿದ ಹಡಗೊಂದರ ನೆರವಿಗೆ ಹಾರುತ್ತ ಅಪಘಾತದಲ್ಲಿ ಮಡಿದ. ಫೇರ್‌ಬ್ಯಾಂಕ್ಸಿನ ಸಮೀಪದ ವಾಯುಪಡೆಯ ನೆಲೆ ಇಂದಿಗೂ ಅವನ ಹೆಸರನ್ನು ಹೊತ್ತಿದೆ.

ಚಳಿಗೆ ಸುಲಭವಾದ ಮದ್ದು ದೊರೆತದ್ದು ಐಲ್ಸನ್ ಹುಟ್ಟಿದ ಸೀಮೆಯಿಂದಲೇ ಎಂಬುದು ಆಕಸ್ಮಿಕವಾದರೂ ಸ್ವಾರಸ್ಯ. ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಪಟ್ಟಣದಲ್ಲಿ ಆಂಡ್ರೂ ಫ್ರೀಮನ್ ಎಂಬಾತ ಹಳ್ಳಿಗಳಿಗೆ ಬೆಳಕು ಒದಗಿಸುವ ವಿದ್ಯುತ್ ಸಹಕಾರ ಸಂಘವೊಂದರ ವ್ಯವಸ್ಥಾಪಕನಾಗಿದ್ದ. ಮನೆಗೆ ಬರುವ ವಿದ್ಯುತ್ತು ಅಂಗಳದ ಕಾರಿಗೇಕೆ ಹೋಗಬಾರದೆಂದು ಆಲೋಚಿಸಿ, ಎಂಜಿನ್ನಿನ ತಲೆಭಾಗದ ಬೋಲ್ಟೊಂದನ್ನು ತೆಗೆದು ಅದರ ಜಾಗದಲ್ಲಿ ಕೂರಿಸಬಹುದಾದ ಹೀಟರ್ ಒಂದನ್ನು ರೂಪಿಸಿದ. ೧೯೪೯ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಡೇರೆಯೊಳಗಿನ ಬೆಂಕಿಯ ಕೆಲಸವನ್ನು ತಂತಿ ವಹಿಸಿಕೊಂಡಿತು.

ಈಗ ಬಳಕೆಯಲ್ಲಿರುವ ಹೀಟರಿನ ತತ್ತ್ವ ಬೆಂಗಳೂರಿನ ಗೃಹಿಣಿಗೆ ಹೊಸದಲ್ಲ. ಬಚ್ಚಲಿನ ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಸುರುಳಿಯ ಸೋದರಸಂಬಂಧಿ ಅದು. ಎಂಜಿನ್ನಿನ ಎರಕದ ಒಡಲಿನೊಳಗೆ, ಅದರ ಕಾವನ್ನು ಹೊರಸಾಗಿಸಲು, ನೀರಿಗೆ ಹೆಪ್ಪುಗಟ್ಟದ ದ್ರಾವಣ ಬೆರೆಸಿದ ದ್ರವವೊಂದು ಸುತ್ತುತ್ತಿರುತ್ತದೆ. ಒಡಲಿನ ಪಕ್ಕದ ತೂತಿಗೆ ಹೊಡೆದ ಲೋಹದ ಬಿರಡೆಯನ್ನು ತೆಗೆದು, ಅಲ್ಲಿ ಹೀಟರನ್ನು ಕೂರಿಸುತ್ತಾರೆ. ಅದು ಈ ದ್ರವವನ್ನು ಕಾಯಿಸುತ್ತದೆ. ಬಿಸಿಯಾದದ್ದು ಮೇಲೇರಿ, ತಣ್ಣಗಿರುವುದು ಕೆಳಗಿಳಿದು, ಎಂಜಿನ್ ಮೆಲ್ಲಗೆ ಮೈಬಿಸಿ ಪಡೆಯುತ್ತದೆ. ನಾನೂರರಿಂದ ಸಾವಿರ ವಾಟುಗಳಷ್ಟು ಶಕ್ತಿ ಸಾಕು. ಫೇರ್‌ಬ್ಯಾಂಕ್ಸಿನವರಿಗೆ ಇದೊಂದೇ ಸಾಲದು. ಎಣ್ಣೆಯ ತೊಟ್ಟಿಯ ತಳಕ್ಕೆ ಅಂಟಿಸಿದ ಬಿಸಿಪಟ್ಟಿ ಬೇರೆ. ಬ್ಯಾಟರಿಗೆ ಪುಟ್ಟ ವಿದ್ಯುತ್ ಕಂಬಳಿ ಬೇರೆ. ಮೂರರ ತಂತಿಗಳನ್ನೂ ಒಂದುಗೂಡಿಸಿ ಜಾಲರಿಯಿಂದ ಹೊರಬಿಟ್ಟದ್ದೇ ಬೇಸಗೆಯ ಪ್ರವಾಸಿ ಕಂಡ ಆ ಬಾಲ.

ರಾತ್ರಿಯಿಡೀ ಕಾಯಿಸಬೇಕಾದ ಅಗತ್ಯವೂ ಇಲ್ಲ. ಹೊರಡುವುದಕ್ಕೆ ಎರಡರಿಂದ ನಾಲ್ಕು ಗಂಟೆ ಮೊದಲು ಕಾವು ಶುರುವಾದರೆ ಸಾಮಾನ್ಯವಾಗಿ ಸಾಕು. ಸಾವಿರ ವಾಟಿನ ಹೀಟರ್ ಹತ್ತು ಗಂಟೆ ಉರಿದರೆ ಹತ್ತು ಯೂನಿಟ್. ಮೂರು ಗಂಟೆಗೆ ಮೂರೇ ಯೂನಿಟ್. ಆದ್ದರಿಂದ ಲೆಕ್ಕ ಬಲ್ಲ ಸಂಸಾರಿಗಳು ಗಡಿಯಾರಕ್ಕೆ ಹೊಂದಿಸಿದ ಸ್ವಿಚ್ಚು ಇಟ್ಟುಕೊಳ್ಳುತ್ತಾರೆ. ಮನೆಯವರೆಲ್ಲ ಮಲಗಿರುವಾಗ, ನಸುಕಿನಲ್ಲಿ, ಕಾರು ಮೊದಲು ಎಚ್ಚರಗೊಳ್ಳುತ್ತದೆ.

ಆದರೆ ಮನೆಯಲ್ಲಿ ಕಾಯಿಸಿದ ಕಾರು ಕಚೇರಿಯ ಮುಂದೆ ಎಂಟು ಗಂಟೆ ನಿಂತರೆ ಮತ್ತೆ ಕಲ್ಲಾಗುತ್ತದೆ. ಹೀಗಾಗಿ ಇದು ಒಂದೊಂದು ಮನೆಯ ಏರ್ಪಾಡಾಗಿ ಉಳಿಯಲಾರದೆ, ಊರಿನ ಏರ್ಪಾಡಾಗಿ ಬೆಳೆಯಿತು. ಉಪಾಧ್ಯಾಯರಿಗೆ ಶಾಲೆ, ರೋಗಿಗಳ ಕಡೆಯವರಿಗೆ ಆಸ್ಪತ್ರೆ, ತಂಗಿದವರಿಗೆ ಹೋಟೆಲು ಪ್ಲಗ್ಗಿನ ಕಂಬ ಒದಗಿಸುತ್ತವೆ. ಬಂದವರಿಗೆ ಕಾಲಿಗೆ ನೀರು ಕೊಡುವ ಮರ್ಯಾದೆ ಒಂದು ನಾಡಿನದಾದರೆ, ಅವರ ಕಾರಿಗೆ ಕಾವು ಕೊಡುವ ಮರ್ಯಾದೆ ಈ ನಾಡಿನದು.

ಇದರಲ್ಲಿ ಊರಿನ ಆರೋಗ್ಯದ ಪ್ರಶ್ನೆಯೂ ಅಡಗಿದೆ. ತಣ್ಣಗಿರುವ ಎಂಜಿನ್ ಪೆಟ್ರೋಲನ್ನು ಅರೆಬರೆಯಾಗಿ ಸುಟ್ಟು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೆಚ್ಚಾಗಿ ಕಾರುತ್ತದೆ. ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳವಿರುವುದರಿಂದ ಅದು ಚದುರದೆ ಬೀದಿಗಳಲ್ಲೇ ತುಂಬಿಕೊಳ್ಳುತ್ತದೆ. ಕೊಳವೆಯಿಂದ ಹೊರಬಿದ್ದ ನೀರಾವಿ ಕೂಡಲೆ ಹರಳುಗಟ್ಟಿ, ಮಂಜಿನ ಮುಸುಕಾಗಿ, ಹತ್ತು ಮಾರು ದೂರದ ದೀಪವನ್ನೂ ಮಬ್ಬಾಗಿಸುತ್ತದೆ. ಚಳಿಗೆ ಹೆದರಿ ಎಂಜಿನ್ನನ್ನು ಗಂಟೆಗಟ್ಟಲೆ ಓಡುತ್ತಲೇ ಬಿಟ್ಟರಂತೂ ಎರಡು ಪಿಡುಗುಗಳೂ ಹೆಚ್ಚುತ್ತವೆ. ಆದ್ದರಿಂದ, ಉಷ್ಣಮಾನ ಗೊತ್ತಾದ ಮಟ್ಟಕ್ಕಿಂತ ಇಳಿದಾಗ ದೊಡ್ಡ ನಿಲ್ದಾಣಗಳ ಪ್ಲಗ್ಗುಗಳಿಗೆ ವಿದ್ಯುತ್ತು ಹರಿಯತಕ್ಕದ್ದೆಂದು ಸ್ಥಳೀಯ ಆಡಳಿತ ಕಟ್ಟಳೆ ಮಾಡಿತು. ಹೊಸ ಮಾದರಿಯ ಕಾರುಗಳೂ ಈ ಏರ್ಪಾಡೂ ಕೂಡಿ ಗಾಳಿಯನ್ನು ತಿಳಿಗೊಳಿಸಿದವು. ೨೦೦೪ರಲ್ಲಿ ಊರು ಈ ಅನಿಲದ ಮಟ್ಟಿಗೆ ಮಿತಿಯೊಳಗೆ ಬಂದಿತೆಂದು ಅಮೆರಿಕದ ಸರ್ಕಾರ ಒಪ್ಪಿತು. ಆದರೆ ಮನೆಗಳನ್ನು ಬೆಚ್ಚಗಿಡುವ ಸೌದೆಯ ಹೊಗೆಯ ಸೂಕ್ಷ್ಮ ಕಣಗಳ ತೊಂದರೆ ಬೇರೆಯಾಗಿಯೇ ಉಳಿದಿದೆ.

ಇಷ್ಟಾದರೂ ಎಲ್ಲವೂ ನಿಂತಿರುವುದು ಒಂದು ತಂತಿಯ ಮೇಲೆ, ಒಬ್ಬನ ನೆನಪಿನ ಮೇಲೆ. ಆಸ್ಪತ್ರೆಯ ಬೆಳಗಿನ ಪಾಳಿಗೆ ಹೊರಡಬೇಕಾದ ದಾದಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಹಿಂದಿನ ಸಂಜೆ ಕೈತುಂಬ ಸಾಮಾನು ಹಿಡಿದು ಬಂದವಳು ಪ್ಲಗ್ಗು ಹಾಕಲು ಮರೆತಳೆನ್ನಿ. ಅಥವಾ ಹಾಕಿಯೂ, ಭಾರ ಹೆಚ್ಚಾಗಿ ಮನೆಯ ಸ್ವಿಚ್ಚು ನಡುರಾತ್ರಿ ತಾನಾಗಿ ಆರಿತೆನ್ನಿ. ಅಥವಾ ಸಾಧಾರಣ ದರ್ಜೆಯ ತಂತಿಯಾದ್ದರಿಂದ ಅದರ ಹೊದಿಕೆ ಚಳಿಗೆ ಸೆಡೆತು, ಒಣಕಡ್ಡಿಯಂತೆ ಬಿರುಕುಬಿಟ್ಟಿತೆನ್ನಿ. ಬೆಳಗ್ಗೆ ಕೀಲಿ ತಿರುಗಿಸಿದರೆ ಒಂದು ನರಳಾಟ, ಬಳಿಕ ಮೌನ. ಅಲ್ಲಿ ರಾತ್ರಿಯೆಲ್ಲ ದುಡಿದ ಇನ್ನೊಬ್ಬಳು ಬಿಡುಗಡೆಗಾಗಿ ಬಾಗಿಲು ನೋಡುತ್ತಿರುತ್ತಾಳೆ. ಇವಳು ನೆರೆಮನೆಯ ಬಾಗಿಲು ತಟ್ಟುತ್ತಾಳೆ. ಅಂಥ ಹೊತ್ತಿನಲ್ಲಿ ಬಾಗಿಲು ತಟ್ಟುವುದು ಆ ಊರಿನಲ್ಲಿ ಅವಮಾನವಲ್ಲ. ನೆರೆಯವರೂ ಎಂದಾದರೊಂದು ದಿನ ಇವಳ ಬಾಗಿಲು ತಟ್ಟಿದವರೇ ಆಗಿರುತ್ತಾರೆ.

ಊರಾಚೆಯ ಹೆದ್ದಾರಿಯಲ್ಲಿ ಕಾರು ನಿಂತರೆ ಸಂಗತಿ ಇನ್ನೂ ಗಂಭೀರ. ಅಲ್ಲಿ ಕಂಬವೂ ಇಲ್ಲ, ನೆರೆಮನೆಯೂ ಇಲ್ಲ. ಎಂಜಿನ್ ಆರಿದ ಕಾರಿನೊಳಗಿನ ಬೆಚ್ಚಗೆ ಬಹಳ ಹೊತ್ತು ಉಳಿಯದು. ಬಲ್ಲವರು ಚಳಿಗಾಲದಲ್ಲಿ ದಪ್ಪನೆಯ ಹೊದಿಕೆ, ಹೆಚ್ಚಿನ ಕೈಗವಸು, ತಿನಿಸು, ದೀಪ ಇಲ್ಲದೆ ದೂರದ ಪಯಣ ಹೊರಡರು. ದಾರಿಯಲ್ಲಿ ನಿಂತ ಕಾರನ್ನು ಕಂಡರೆ ತಾವೂ ನಿಲ್ಲಿಸಿ ವಿಚಾರಿಸದೆ ಮುಂದೆ ಹೋಗರು. ಎಂಜಿನ್ ಕಾಯಿಸುವ ಅಭ್ಯಾಸ ಯಂತ್ರಕ್ಕಾಗಿ ಹುಟ್ಟಿದ್ದಿರಬಹುದು. ಅದು ಕಾಪಾಡುತ್ತಿರುವುದು ಮಾತ್ರ ಮನುಷ್ಯನನ್ನು.

ಮರವೆಗೂ ಆ ಊರಿನಲ್ಲಿ ಎರಡು ಬಗೆ. ಪ್ಲಗ್ಗು ಹಾಕಲು ಮರೆಯುವುದು ಒಂದು. ತೆಗೆಯಲು ಮರೆತು ಕಾರು ಹೊರಡಿಸುವುದು ಇನ್ನೊಂದು. ಎರಡನೆಯದಾದರೆ ಹರಿದ ತಂತಿ ಹಾವಿನಂತೆ ಹಿಂದೆ ಹೊರಳುತ್ತ ಬರುವುದನ್ನು ಕಂಡು ಬೀದಿಯವರು ನಗುತ್ತಾರೆ. ಮೊದಲನೆಯದಕ್ಕೆ ಯಾರೂ ನಗುವುದಿಲ್ಲ.

ರಾತ್ರಿ ಮಲಗುವ ಮುನ್ನ ಪ್ರತಿಮನೆಯಲ್ಲೂ ಒಂದು ಚಿಕ್ಕ ಕರ್ತವ್ಯ ನಡೆಯುತ್ತದೆ. ಯಾರೋ ಒಬ್ಬರು ದಪ್ಪ ಕೋಟು ಹೊದ್ದು, ಬೂಟು ತೊಟ್ಟು, ಹಿಮವನ್ನು ಕರಕರ ತುಳಿಯುತ್ತ ಅಂಗಳಕ್ಕೆ ಇಳಿಯುತ್ತಾರೆ. ಸೆಡೆತ ತಂತಿಯನ್ನು ಬಿಡಿಸಿ ಪ್ಲಗ್ಗಿಗೆ ಜೋಡಿಸುತ್ತಾರೆ. ಕೆಲವು ತಂತಿಗಳ ತುದಿಯಲ್ಲಿ, ವಿದ್ಯುತ್ತು ಹರಿಯುತ್ತಿದೆಯೆಂದು ಸಾರುವ ಕಾಳಿನಷ್ಟು ಸಣ್ಣ ದೀಪವಿರುತ್ತದೆ. ಅದು ಬೆಳಗಿತೇ ಎಂದು ಬಗ್ಗಿ ನೋಡಿ, ಬೆಳಗಿದ್ದರೆ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಿಂದೆ ವೈಮಾನಿಕನೊಬ್ಬ ಡೇರೆಬಟ್ಟೆಯ ಮರೆಯಲ್ಲಿ ಒಂಟಿಯಾಗಿ ಕಾದ ಬೆಂಕಿ, ಈಗ ಆ ಕಾಳುದೀಪವಾಗಿ ಬೀದಿಯುದ್ದಕ್ಕೂ ಮನೆಮನೆಯ ಮುಂದೆ ಬೆಳಗಿನವರೆಗೆ ಎಚ್ಚರವಾಗಿರುತ್ತದೆ.