ಭೋಗ್ಯ, ಬಾಡಿಗೆ ಮತ್ತು ಭಾವನ ಲೆಕ್ಕ

ನಮ್ಮ ಕಡೆ ಕೈಗೆ ನಾಲ್ಕು ಕಾಸು ಬಂತು ಅಂದ್ರೆ ಜನ ಮೊದಲು ಕೇಳೋದು "ಸೈಟ್ ತಗೊಂಡ್ರಾ?" ಅಂತ. ಹೂಂ ಅಂದ್ರೆ ಮುಂದಿನ ಉಪದೇಶ, "ಎರಡು ಮನೆ ಕಟ್ಟಿ ಬಾಡಿಗೆಗೆ ಬಿಟ್ಬಿಡಿ, ಆರಾಮಾಗಿರಬಹುದು". ನಮ್ಮ ಭಾವ ನಿವೃತ್ತಿಯಾಗ್ತಿದ್ದಾರೆ. ಪ್ರೈವೇಟ್ ಕೆಲಸ, ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ. ಬರೋ ದುಡ್ಡನ್ನೆಲ್ಲ ನಂಜನಗೂಡಿಗೆ ಹಾಕೋದೋ, ಟಿ.ನರಸೀಪುರಕ್ಕೋ ಅನ್ನೋದು ಈಗ ಮನೆಯಲ್ಲಿ ದಿನಾ ಚರ್ಚೆ.

ಬಾಡಿಗೆಗೆ ಬರೋರು ಎರಡೂ ಊರಲ್ಲಿ ಬೇರೆ ಬೇರೆ. ನಂಜನಗೂಡಿಗೆ ಶ್ರೀಕಂಠೇಶ್ವರ ಇದ್ದಾನೆ ಸರಿ, ಆದ್ರೆ ಬಾಡಿಗೆ ಕೊಡೋದು ಕೈಗಾರಿಕಾ ಪ್ರದೇಶ. ನೆಸ್ಲೆ ಮೊದಲಾದ ಕಾರ್ಖಾನೆಗಳು, ಮೈಸೂರಿನ ದಿಕ್ಕಿಗೆ ತಾಂಡವಪುರ, ಕಡಕೊಳ. ಶಿಫ್ಟ್ ಕೆಲಸದ ಹುಡುಗರು ಮೂರ್ನಾಲ್ಕು ಜನ ಸೇರಿ ಒಂದು ಮನೆ ಹಿಡೀತಾರೆ. ಕಾವೇರಿ ಕಪಿಲೆ ಕೂಡೋ ನರಸೀಪುರ ಭತ್ತ, ಕಬ್ಬಿನ ಊರು. ಮೂರು ವರ್ಷಕ್ಕೊಮ್ಮೆ ಕುಂಭಮೇಳಕ್ಕೆ ಊರು ತುಂಬುತ್ತೆ, ಆದ್ರೆ ಅವರ‍್ಯಾರೂ ಬಾಡಿಗೆ ಮನೆ ಕೇಳೋರಲ್ಲ. ಕೇಳೋರು ವರ್ಗವಾಗಿ ಬರೋ ಮೇಷ್ಟ್ರು, ಬ್ಯಾಂಕಿನೋರು. ಅವರಲ್ಲೂ ಎಷ್ಟೋ ಜನ ಮೈಸೂರಿಂದಲೇ ಬಸ್ಸಲ್ಲಿ ಓಡಾಡ್ತಾರೆ.

ಭಾವನ ಜೊತೆ ಕೂತು ಲೆಕ್ಕ ಹಾಕಿದೆ. ಸೈಟು, ಕಟ್ಟಡ ಸೇರಿ 40 ಲಕ್ಷ ಅಂತಿಟ್ಕೊಳ್ಳಿ. ಎರಡು ಮನೆ, ತಲಾ 6,000 ಬಾಡಿಗೆ. ವರ್ಷಕ್ಕೆ 1,44,000, ಅಂದ್ರೆ ಶೇ. 3.6. ಕಂದಾಯ, ಸುಣ್ಣಬಣ್ಣ, ಮೋಟರ್ ರಿಪೇರಿ, ಖಾಲಿ ಬಿದ್ದ ತಿಂಗಳು ಕಳೆದ್ರೆ ಶೇ. 3 ಉಳಿದರೆ ಪುಣ್ಯ. ಅದೇ ದುಡ್ಡು ಶೇ. 6.5ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 2,60,000. "ಸೈಟಿನ ಬೆಲೆ ಏರುತ್ತಲ್ಲಪ್ಪ" ಅಂದ್ರು ಭಾವ. ಏರಬಹುದು. ಆದ್ರೆ ಮಾರೋವರೆಗೂ ಆ ಏರಿಕೆಯಿಂದ ಔಷಧಿ ಅಂಗಡಿ ಬಿಲ್ ಕಟ್ಟಕ್ಕಾಗಲ್ಲ!

ಇನ್ನು ಬಾಡಿಗೆದಾರನ ಕಡೆ ನೋಡಿ. 15,000 ಸಂಬಳದವನಿಗೆ 6,000 ಬಾಡಿಗೆ ಅಂದ್ರೆ ನೂರಕ್ಕೆ ನಲವತ್ತು ಮನೆಗೇ ಹೋಯ್ತು. ಅದಕ್ಕೇ ಸಂಸಾರಸ್ಥರು ಭೋಗ್ಯ ಹುಡುಕೋದು. 4 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಹೋಗುವಾಗ ಅಸಲು ವಾಪಸ್. ಉಳಿಯೋ ಬಾಡಿಗೆ 2,16,000. ಮಾಲೀಕನಿಗೆ? 4 ಲಕ್ಷಕ್ಕೆ ವರ್ಷಕ್ಕೆ 72,000 ಬಿಟ್ಟುಕೊಟ್ಟ ಹಾಗೆ, ಅಂದ್ರೆ ಶೇ. 18 ಬಡ್ಡಿಯ ಸಾಲ! ಆದರೂ ಕೊಡ್ತಾರೆ, ಮಗಳ ಮದುವೆಗೋ ಅರ್ಧ ನಿಂತ ಕಟ್ಟಡಕ್ಕೋ ಇಡಿಗಂಟು ಬೇಕಲ್ಲ.

ಅಪಾಯ ಇರೋದು ದುಡ್ಡು ವಾಪಸ್ ಬರೋದರಲ್ಲಿ. ಹೊಸ ಭೋಗ್ಯದವರಿಂದ ಇಸ್ಕೊಂಡು ಹಳಬರಿಗೆ ಕೊಡೋದು ರೂಢಿ. ಹೊಸಬರು ಸಿಗದಿದ್ದರೆ ಹಳಬರು ಅಲ್ಲೇ ಕೂರಬೇಕು. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರಂತೂ ಕತೆ ಮುಗೀತು. ಒಂದು ವರ್ಷ ಮೀರಿದ ಕರಾರಿಗೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ. ನಮ್ಮಲ್ಲಿ ಛಾಪಾ ಕಾಗದದಲ್ಲೇ ಮುಗಿಸಿಬಿಡೋರೇ ಹೆಚ್ಚು.

ಹಾಗಂತ ಮನೆಯೇ ಬೇಡ ಅಂದೆನಾ? ಇಲ್ಲ. ಇರೋಕೊಂದು ಮನೆ, ಮೇಲೊಂದು ಚಿಕ್ಕದು ಬಾಡಿಗೆಗೆ, ಉಳಿದದ್ದು ಬ್ಯಾಂಕಿಗೆ ಅಂದೆ. ಸೈಟು ಕೊಳ್ಳೋ ಮುಂಚೆ ಖಾತೆ ನೋಡಿ, 2018, 2019ರಲ್ಲಿ ಕಪಿಲೆ ಎಲ್ಲೀವರೆಗೆ ಬಂದಿದ್ದಳು ಅಂತ ಅಕ್ಕಪಕ್ಕದವರನ್ನ ಕೇಳಿ ಅಂತಲೂ ಹೇಳಿದೆ. ಭಾವ ಇನ್ನೂ ಯೋಚನೆ ಮಾಡ್ತಿದ್ದಾರೆ. ಅಕ್ಕ ಮಾತ್ರ, "ಎಲ್ಲಾದ್ರೂ ಸರಿ, ಆಸ್ಪತ್ರೆಗೆ ನಡೆದು ಹೋಗೋ ಹಾಗಿರಲಿ" ಅಂತಾಳೆ. ಅದನ್ನ ಯಾವ ಶೇಕಡಾ ಲೆಕ್ಕಕ್ಕೆ ಸೇರಿಸೋದು ಹೇಳಿ?